ಕಾಲ್ಕಡಗದ ಕೆಳಗಿನ ಕಲೆ

"ವಿಷ ಅಲ್ರಿ ಅಮೀನ್ ಸಾಹೇಬ್ರ," ಎಂದಳು ಡಾಕ್ಟರ್ ಮಲ್ಲೇಶ್ವರಿ. "ಮೈಲಮ್ಮನ್ನ ಕೊಂದದ್ದು ನಾ ಏರಿಸಿದ ರಕ್ತ."

ಮಕ್ತಲ್ ಧರ್ಮಾಸ್ಪತ್ರೆಯ ಕೋಣೆಯಲ್ಲಿ, ಮದರಾಸಿನಿಂದ ಬಂದ ಕಾಗದ ಅವಳ ಮುಂದೆ ಮೇಜಿನ ಮೇಲಿತ್ತು. ನಾರಾಯಣಪೇಟೆ ಪೊಲೀಸ್ ಠಾಣೆಯ ಅಮೀನ್ ಮೊಗುಲಪ್ಪ ಅದನ್ನು ತನ್ನ ಕಡೆಗೆ ಎಳೆದುಕೊಂಡ. ಅವನ ಮನೆಯ ಮಾತು ಕನ್ನಡ, ಕಚೇರಿಯ ಬರವಣಿಗೆ ಉರ್ದು. ಇಂಗ್ಲಿಷ್ ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಕೆಳಗಿನ ಸಹಿಯನ್ನೂ ನೀಲಿ ಮೊಹರನ್ನೂ ಬಹಳ ಹೊತ್ತು ನೋಡಿದ.

ಹತ್ತೊಂಬತ್ತು ದಿನಗಳ ಹಿಂದೆ ನಾರಾಯಣಪೇಟೆಯ ನೇಕಾರ ಎಂಕಪ್ಪನ ಹೆಂಡತಿ ಮೈಲಮ್ಮ ಮೈಯೆಲ್ಲ ಹಳದಿಯಾಗಿ ಸತ್ತಿದ್ದಳು. ಮಕ್ತಲ್ ಧರ್ಮಾಸ್ಪತ್ರೆಯ ಕಂಪೌಂಡರ್ ಸಾಯಣ್ಣ ಸೂಜಿಯಲ್ಲಿ ವಿಷ ಹಾಕಿದನೆಂದು ಎಂಕಪ್ಪ ಫಿರ್ಯಾದಿ ಕೊಟ್ಟಿದ್ದ. ಸಾಯಣ್ಣ ಅಂದಿನಿಂದ ಠಾಣೆಯ ಹವಾಲಾತಿನಲ್ಲಿ, ಕಂಬಿಯ ಹಿಂದೆ, ಕೂತಿದ್ದ. ಬರುವ ಶುಕ್ರವಾರ ಮುನ್ಸಿಫರ ಮುಂದೆ ಅವನ ವಿಚಾರಣೆ.

ಅಂದು ಸೋಮವಾರ.

"ನೀವು ಏರಿಸಿದ್ದು ತಪ್ಪು ರಕ್ತ ಏನ್ರಿ?" ಎಂದು ಮೊಗುಲಪ್ಪ ಕೇಳಿದ.

"ಸರಿಯಾದ ರಕ್ತಾನೇ. ಅದಕ್ಕೇ ನನಗ ನಿದ್ದಿ ಬರವಲ್ದು."

ಆಕೆ ಎದ್ದು ಕಪಾಟಿನಿಂದ ಒಂದು ಗಾಜಿನ ಪಟ್ಟಿ ತಂದು ಅವನ ಮುಂದಿಟ್ಟಳು. ರಾಯಚೂರಿನವಳು, ಮದರಾಸಿನಲ್ಲಿ ಓದಿದವಳು, ಮೂವತ್ತೈದು ತುಂಬಿರಲಿಲ್ಲ. ಈ ಹತ್ತೊಂಬತ್ತು ದಿನಗಳಲ್ಲಿ ಅವಳ ಕೆನ್ನೆ ಒಳಗೆ ಹೋಗಿತ್ತು.

ನಡೆದದ್ದನ್ನು ಆಕೆ ಮೊದಲಿನಿಂದ ಹೇಳಿದಳು. ಮೈಲಮ್ಮನಿಗೆ ನಾಲ್ಕು ತಿಂಗಳಿಗೆ ಬಸಿರು ಇಳಿದಿತ್ತು. ಬಂಡಿಯಲ್ಲಿ ಮಲಗಿಸಿ ತಂದಾಗ ಹಾಸಿದ ಹುಲ್ಲೆಲ್ಲ ಒದ್ದೆಯಾಗಿತ್ತು, ನಾಡಿ ಸರಿಯಾಗಿ ಸಿಗುತ್ತಿರಲಿಲ್ಲ, ಪ್ರಜ್ಞೆ ಮಾತ್ರ ಇತ್ತು. ಎಂಕಪ್ಪನ ಅಣ್ಣ ತಾಯಣ್ಣ ತೋಳು ಚಾಚಿ ಕೂತ. ಇಬ್ಬರ ರಕ್ತವೂ ಒಂದೇ ಗುಂಪು. ಸಾಯಣ್ಣ ಉಪ್ಪುನೀರಿನಲ್ಲಿ ಇಬ್ಬರ ರಕ್ತವನ್ನು ಬೆರೆಸಿ ಇದೇ ಗಾಜಿನ ಮೇಲೆ ಹಾಕಿದ. ಹೊಂದದ ರಕ್ತವಾದರೆ ಅಲ್ಲಿ ಗರಣೆ ಗರಣೆಯಾಗಿ ಗಂಟು ಕಟ್ಟುತ್ತದೆ. ಮಲ್ಲೇಶ್ವರಿ ಭೂತಗನ್ನಡಿಯಲ್ಲಿ ನೋಡಿದಳು. ಒಂದು ಗಂಟೂ ಇರಲಿಲ್ಲ. ಬಾಟಲಿ ಏರಿಸಿದರು. ಮೈಲಮ್ಮ ಎದ್ದು ಕೂತಳು, ಗಂಜಿ ಕುಡಿದಳು, ಐದನೆಯ ದಿನ ನಡೆದುಕೊಂಡೇ ಮನೆಗೆ ಹೋದಳು.

ಆರನೆಯ ದಿನ, ರಕ್ತ ಬೇಗ ಕೂಡಲೆಂದು, ಮಲ್ಲೇಶ್ವರಿಯೇ ಸಾಯಣ್ಣನ ಕೈಯಲ್ಲಿ ಲಿವರ್ ಔಷಧದ ಸೂಜಿ ಕೊಟ್ಟು ನಾರಾಯಣಪೇಟೆಗೆ ಕಳಿಸಿದ್ದಳು. ಏಳನೆಯ ದಿನ ಮೈಲಮ್ಮನಿಗೆ ಜ್ವರ. ಎಂಟನೆಯ ದಿನ ಕಣ್ಣು ಹಳದಿ, ಮೂತ್ರ ಕಷಾಯದ ಬಣ್ಣ. ಒಂಬತ್ತನೆಯ ದಿನ ಮತ್ತೆ ಆಸ್ಪತ್ರೆಗೆ ಬಂದಳು. ಮೂತ್ರ ಕಟ್ಟಿತು. ಹನ್ನೆರಡನೆಯ ದಿನ ಪ್ರಾಣ ಹೋಯಿತು.

ಸೂಜಿ ಚುಚ್ಚಿದ ಮರುದಿನವೇ ಜ್ವರ. ಊರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಎಂಕಪ್ಪ ಹೆಣವನ್ನು ಅಂದೇ ಸುಟ್ಟಿದ್ದ. ಅದಕ್ಕಾಗಿ ಮೊಗುಲಪ್ಪ ಕೆಲವು ದಿನ ಎಂಕಪ್ಪನ ಮೇಲೆಯೇ ಅನುಮಾನ ಪಟ್ಟು ಅವನ ಮನೆಯ ಒಲೆ, ಗಡಿಗೆ, ಔಷಧದ ಪೊಟ್ಟಣ ಎಲ್ಲವನ್ನೂ ಕೆದಕಿದ್ದ. ಏನೂ ಸಿಕ್ಕಿರಲಿಲ್ಲ.

ಆದರೆ ಮಲ್ಲೇಶ್ವರಿ ಒಂಬತ್ತನೆಯ ದಿನ ರೋಗಿಯ ತೋಳಿನಿಂದ ಒಂದು ಶೀಶೆ ರಕ್ತ ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಕೃಷ್ಣಾ ಸ್ಟೇಷನ್ನಿನಲ್ಲಿ ಮದರಾಸಿನ ಮೇಲ್ ಹತ್ತಿಸಿದ್ದಳು. ಜೊತೆಗೆ ತಾಯಣ್ಣನ ರಕ್ತವನ್ನೂ ಕಳಿಸಿದ್ದಳು. ಅಲ್ಲಿ ಹೊಸದಾಗಿ ವಿಲಾಯತಿಯಿಂದ ಬಂದ ಒಂದು ಪರೀಕ್ಷೆ ಇತ್ತು. ಉಪ್ಪುನೀರಿನಲ್ಲಿ ಕಾಣದ್ದು ಅದರಲ್ಲಿ ಕಾಣುತ್ತಿತ್ತು.

ಒಬ್ಬರ ಮೈಗೆ ಬೇರೆಯವರ ರಕ್ತ ಹೋದಾಗ, ಗುಂಪು ಒಂದೇ ಆದರೂ, ಅದರೊಳಗೆ ತನ್ನದಲ್ಲದ ಇನ್ನೊಂದು ಗುರುತು ಇರಬಹುದು ಎಂದು ಆಕೆ ವಿವರಿಸಿದಳು. ಕೆಲವರ ಮೈ ಆ ಗುರುತನ್ನು ಹಗೆಯೆಂದು ತಿಳಿದು ಅದರ ವಿರುದ್ಧ ಒಂದು ವಸ್ತುವನ್ನು ಹುಟ್ಟಿಸಿಕೊಳ್ಳುತ್ತದೆ. ವೈದ್ಯರು ಅದನ್ನು ಪ್ರತಿಕಾಯ ಎನ್ನುತ್ತಾರೆ. ವರ್ಷಗಳು ಕಳೆದಂತೆ ಅದು ಕಡಿಮೆಯಾಗುತ್ತ ಯಾವ ಗಾಜಿಗೂ ಕಾಣದಷ್ಟಾಗುತ್ತದೆ. ಆದರೆ ಮೈ ಮರೆತಿರುವುದಿಲ್ಲ. ಅದೇ ಗುರುತಿನ ರಕ್ತ ಇನ್ನೊಮ್ಮೆ ಬಂದರೆ ಒಂದು ವಾರದೊಳಗೆ ಪ್ರತಿಕಾಯ ರಾಶಿ ರಾಶಿ ಹುಟ್ಟಿ, ಹೊಸದಾಗಿ ಬಂದ ರಕ್ತವನ್ನೆಲ್ಲ ಒಡೆದುಹಾಕುತ್ತದೆ. ಒಡೆದ ರಕ್ತ ಮೂತ್ರವನ್ನು ಕಪ್ಪು ಮಾಡುತ್ತದೆ, ಕಣ್ಣನ್ನು ಹಳದಿ ಮಾಡುತ್ತದೆ, ಕೊನೆಗೆ ಮೂತ್ರಪಿಂಡವನ್ನು ನಿಲ್ಲಿಸುತ್ತದೆ.

ಮೈಲಮ್ಮನ ರಕ್ತದಲ್ಲಿ ಅಂಥ ಪ್ರತಿಕಾಯ ತುಂಬಿತ್ತು. ತಾಯಣ್ಣನ ರಕ್ತದಲ್ಲಿ ಆ ಗುರುತು ಇತ್ತು.

ಮೊಗುಲಪ್ಪನಿಗೆ ಎದೆ ಹಗುರಾಯಿತು. ಹಾಗಾದರೆ ಸಾಯಣ್ಣನನ್ನು ಬಿಡಬಹುದಲ್ಲ ಎಂದು ಕೇಳಿದ.

ಮಲ್ಲೇಶ್ವರಿ ಕಾಗದದ ಕೊನೆಯ ಎರಡು ಸಾಲಿನ ಮೇಲೆ ಬೆರಳಿಟ್ಟಳು. ಇಂಥ ಪ್ರತಿಕಾಯ ಎರಡೇ ದಾರಿಯಲ್ಲಿ ಹುಟ್ಟುತ್ತದೆ ಎಂದು ಅಲ್ಲಿ ಬರೆದಿತ್ತು. ಹಿಂದೆ ಎಂದಾದರೂ ರಕ್ತ ಏರಿಸಿರಬೇಕು. ಇಲ್ಲವೇ ಹಿಂದೆ ಎಂದಾದರೂ ಬಸಿರಾಗಿರಬೇಕು.

"ನಾ ಆಕೀನ ಕೇಳಿದ್ದೆ," ಎಂದಳು ಮಲ್ಲೇಶ್ವರಿ. "ಮೊದ್ಲು ಯಾವಾಗಾರ ರಕ್ತ ಏರಿಸ್ಯಾರೇನು ಅಂತ. ಇಲ್ಲ ಅಂದ್ಳು. ಮೊದ್ಲು ಬಸ್ರಿ ಆಗಿದ್ದಿ ಏನು ಅಂತ ಕೇಳಿದೆ. ಅದಕ್ಕೂ ಇಲ್ಲ ಅಂದ್ಳು."

ಎಂಕಪ್ಪನೂ ಫಿರ್ಯಾದಿಯಲ್ಲಿ ಅದನ್ನೇ ಬರೆಸಿದ್ದ. ಮದುವೆಯಾಗಿ ಎರಡು ವರ್ಷ, ಇದೇ ಚೊಚ್ಚಲ ಬಸಿರು, ಆಸ್ಪತ್ರೆಯ ಮೆಟ್ಟಿಲು ಹತ್ತಿದವಳೇ ಅಲ್ಲ.

ಮೊಗುಲಪ್ಪ ಕಾಗದವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಮುನ್ಸಿಫರ ಕಚೇರಿಯಲ್ಲಿ ಏನಾಗುತ್ತದೆಂದು ಅವನಿಗೆ ಈಗಲೇ ಕಾಣುತ್ತಿತ್ತು. ಸಾಯಣ್ಣ ಗದ್ವಾಲಿನವನು. ಮೈಲಮ್ಮನ ತವರೂ ಗದ್ವಾಲ್. ಮದುವೆಗೆ ಮೊದಲೇ ಒಂದು ಬಸಿರು ಎಂದು ವಕೀಲ ಒಂದು ಸಲ ಬಾಯಿ ತೆರೆದರೆ ಸಾಕು, ಕೊಲೆಗೆ ಕಾರಣವೂ ಸಿಕ್ಕಂತೆ. ಗುಟ್ಟು ಹೊರಬೀಳದಿರಲೆಂದು ಹಳೆಯ ಗೆಣೆಕಾರನೇ ಮುಗಿಸಿದ ಎಂದಾಗುತ್ತದೆ. ಸಾಯಣ್ಣನನ್ನು ಉಳಿಸಲು ಬಂದ ಕಾಗದವೇ ಅವನ ಕೊರಳಿಗೆ ಬರುತ್ತದೆ.

ಬಾಗಿಲ ಹತ್ತಿರ ಬಟ್ಟೆ ಮಡಚುತ್ತಿದ್ದ ದಾದಿ ಶೇಖಮ್ಮ ಅಷ್ಟು ಹೊತ್ತಿಗೆ ಕೆಮ್ಮಿದಳು. ಇಪ್ಪತ್ತು ವರ್ಷದಿಂದ ಆ ಆಸ್ಪತ್ರೆಯಲ್ಲಿದ್ದವಳು, ಕೇಳದೆ ಮಾತಾಡುವವಳಲ್ಲ. ಒಂದು ಮಾತು ಹೇಳಬಹುದೇ ಎಂದು ಕೇಳಿದಳು.

ಮೈಲಮ್ಮನನ್ನು ತಂದ ದಿನ ಕಾಲಿಗೆಲ್ಲ ರಕ್ತ ಮೆತ್ತಿತ್ತಂತೆ. ತೊಳೆಯಲೆಂದು ಶೇಖಮ್ಮ ಅವಳ ಬಲಗಾಲಿನ ಬೆಳ್ಳಿ ಕಡಗವನ್ನು ಮೇಲಕ್ಕೆ ಸರಿಸಿದಾಗ, ಒಳಮಗ್ಗುಲಲ್ಲಿ, ಹರಡಿನ ಎಲುಬಿನ ಸ್ವಲ್ಪ ಮೇಲೆ, ಒಂದು ಹಳೆಯ ಕಲೆ ಕಂಡಿತು. ಬೆರಳಗಲದಷ್ಟು, ಅಡ್ಡಕ್ಕೆ, ನೆಟ್ಟಗೆ. ಎರಡು ಹೊಲಿಗೆಯ ಗುರುತು. ಇದೇನು ಎಂದು ಕೇಳಿದ್ದಕ್ಕೆ ಮಗ್ಗದ ಗುಂಡಿಯಲ್ಲಿ ಹಲಗೆ ತಾಗಿತ್ತು ಎಂದಿದ್ದಳಂತೆ. ಕಡಗವನ್ನು ತಾನೇ ಕೆಳಗೆ ಎಳೆದುಕೊಂಡಿದ್ದಳಂತೆ.

ಮಲ್ಲೇಶ್ವರಿ ಕುರ್ಚಿಯಿಂದ ಎದ್ದೇಬಿಟ್ಟಳು. ಆ ದಿನ ಅವಳು ತೋಳಿಗೆ ಸೂಜಿ ಹಾಕಿದ್ದಳು, ಕಾಲನ್ನು ನೋಡಿರಲಿಲ್ಲ.

"ಶೇಖಮ್ಮಾ, ಕಲಿ ಎಲ್ಲಿತ್ತು? ಬೆರಳಿಟ್ಟು ತೋರ್ಸು."

ಶೇಖಮ್ಮ ತನ್ನ ಕಾಲಿನ ಮೇಲೆ ತೋರಿಸಿದಳು. ಮಲ್ಲೇಶ್ವರಿ ಮೊಗುಲಪ್ಪನ ಕಡೆಗೆ ತಿರುಗಿದಳು. ಅಲ್ಲಿ ಒಂದು ರಕ್ತನಾಳ ಇದೆ, ಅದು ಎಲ್ಲರಿಗೂ ಒಂದೇ ಜಾಗದಲ್ಲಿರುತ್ತದೆ ಎಂದಳು. ರಕ್ತ ಬಹಳ ಹೋಗಿ ತೋಳಿನ ನಾಳಗಳು ಕೂತುಬಿಟ್ಟಾಗ ಡಾಕ್ಟರು ಅಲ್ಲಿ ಚಾಕುವಿನಿಂದ ಸೀಳಿ, ನಾಳವನ್ನು ಹುಡುಕಿ ನಳಿಕೆ ಕಟ್ಟುತ್ತಾರೆ. ಹಲಗೆ ತಾಗಿದ ಗಾಯ ಅಷ್ಟು ನೆಟ್ಟಗೆ ಇರುವುದಿಲ್ಲ, ಅದಕ್ಕೆ ಎರಡು ಹೊಲಿಗೆಯನ್ನೂ ಯಾರೂ ಹಾಕುವುದಿಲ್ಲ.

ಅಂದರೆ ಬಸಿರಲ್ಲ. ರಕ್ತ. ಎಲ್ಲೋ ಯಾರೋ ಮೈಲಮ್ಮನಿಗೆ ಹಿಂದೆ ರಕ್ತ ಏರಿಸಿದ್ದರು. ಅದನ್ನು ಅವಳು ಗಂಡನಿಂದಲೂ ಡಾಕ್ಟರಿಂದಲೂ ಮುಚ್ಚಿಟ್ಟಿದ್ದಳು.

ಮೊಗುಲಪ್ಪ ಚೀಲದಿಂದ ಮೊಕದ್ದಮೆಯ ಕಾಗದಗಳ ಮಿಸಿಲು ತೆಗೆದು, ಸಾಯಣ್ಣನ ಹೇಳಿಕೆ ಬರೆದ ಬಯಾನಿನ ಹಾಳೆ ಹುಡುಕಿದ. ಕಂಪೌಂಡರ್ ಕೆಲಸ ಎಲ್ಲಿ ಕಲಿತೆ ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಅಲ್ಲಿತ್ತು. ಮೂರು ವರ್ಷದ ಹಿಂದೆ, ಪೊಲೀಸ್ ಆ್ಯಕ್ಷನ್‌ಗೆ ಮುಂಚಿನ ಗದ್ದಲದ ದಿನಗಳಲ್ಲಿ, ಊರು ಬಿಟ್ಟವರಿಗಾಗಿ ತುಂಗಭದ್ರೆಯ ಆಚೆ ಕರ್ನೂಲಿನ ಕಡೆ ಹಾಕಿದ್ದ ಕ್ಯಾಂಪಿನ ದವಾಖಾನೆಯಲ್ಲಿ. ಎಂಕಪ್ಪನ ಬಯಾನಿನಲ್ಲಿ ಇನ್ನೊಂದು ಸಾಲಿತ್ತು. ಹೆಂಡತಿಯ ತವರಿನವರು ಅದೇ ಗದ್ದಲದಲ್ಲಿ ಹೊಳೆ ದಾಟಿ ಓಡಿಹೋಗುವಾಗ ಬಂಡಿ ಮಗುಚಿ ಅವಳ ತೊಡೆಗೆ ಗೂಟ ಹೊಕ್ಕಿತ್ತು.

ಮೈಲಮ್ಮನನ್ನು ಮೊದಲೇ ಬಲ್ಲೆಯಾ ಎಂಬ ಪ್ರಶ್ನೆಗೆ ಸಾಯಣ್ಣ ಇಲ್ಲ ಎಂದು ದಸ್ತಖತ್ ಮಾಡಿದ್ದ.

ಹೊರಡುವ ಮುಂಚೆ ಮೊಗುಲಪ್ಪ ಒಂದು ಪ್ರಶ್ನೆ ಕೇಳಿದ. ಹಿಂದೆ ರಕ್ತ ಏರಿಸಿದ್ದರೆಂದು ಆ ದಿನ ಗೊತ್ತಾಗಿದ್ದರೆ ಮೈಲಮ್ಮ ಉಳಿಯುತ್ತಿದ್ದಳೇ?

ಮಲ್ಲೇಶ್ವರಿ ಗಾಜಿನ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಗೊತ್ತಾಗಿದ್ದರೂ ಈ ಗಾಜು ಏನೂ ತೋರಿಸುತ್ತಿರಲಿಲ್ಲ ಎಂದಳು. ಬಹುಶಃ ರಕ್ತ ಕೊಡದೆ ಬರಿ ಉಪ್ಪುನೀರು ಏರಿಸಿ ಕಾಯುತ್ತಿದ್ದೆ ಎಂದಳು. ಹಾಗೆ ಕಾದಿದ್ದರೆ ಅವಳು ಉಳಿಯುತ್ತಿದ್ದಳೋ, ಅಂದು ಸಂಜೆಗೇ ಹೋಗುತ್ತಿದ್ದಳೋ, ತನಗೆ ತಿಳಿಯದು ಎಂದಳು.

*

ವೈಶಾಖದ ಕೃಷ್ಣೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಬುಧವಾರ ಮೊಗುಲಪ್ಪ ಜೂರಾಲದ ಹತ್ತಿರ ಅರ್ಧ ಹೊಳೆಯನ್ನು ನಡೆದೇ ದಾಟಿ, ಉಳಿದ ಹರಿವಿಗೆ ಹರಿಗೋಲು ಹತ್ತಿ, ಆಚೆ ದಂಡೆಯಿಂದ ಬಂಡಿಯಲ್ಲಿ ಗದ್ವಾಲ್ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ದಾರಿಯುದ್ದಕ್ಕೂ ಅವನು ಲೆಕ್ಕ ಹಾಕಿದ್ದು ಒಂದೇ. ಕ್ಯಾಂಪು ಎತ್ತಿ ಎರಡೂವರೆ ವರ್ಷ. ಅದರ ರಿಜಿಸ್ಟರು ಎಲ್ಲಿದೆ ಎಂದು ಕೇಳಿ ಕರ್ನೂಲಿಗೆ ಕಳಿಸಿದ ತಂತಿಗೆ ಉತ್ತರವೇ ಬಂದಿರಲಿಲ್ಲ. ಅಲ್ಲಿನ ಡಾಕ್ಟರು ಹಿಂದಿನ ವರ್ಷ ತೀರಿಕೊಂಡಿದ್ದರು. ಮೈಲಮ್ಮನ ಸುಟ್ಟ ಮೈಯಲ್ಲಿ ಕಲೆ ಉಳಿದಿರಲಿಲ್ಲ. ಉಳಿದವಳು ತಾಯಿ ಒಬ್ಬಳೇ.

ಉರುಕುಂದಮ್ಮನ ಮನೆ ನೇಕಾರರ ಓಣಿಯ ಕೊನೆಯಲ್ಲಿತ್ತು. ಅವಳು ಪಡಸಾಲೆಯಲ್ಲಿ ರಾಟೆ ಹಾಕಿಕೊಂಡು ನೂಲು ಸುತ್ತುತ್ತಿದ್ದಳು. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಕಿರಿಯ ಮಗಳು ಕುರುಮಮ್ಮ ನೇಯುತ್ತಿದ್ದಳು. ಹದಿನೇಳು ವರ್ಷದವಳು. ಅಕ್ಕನ ವರ್ಷದ ಕರ್ಮ ಮುಗಿದ ಮೇಲೆ ಅವಳನ್ನು ಎಂಕಪ್ಪನಿಗೇ ಕೊಡುವುದೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು.

ಮೊಗುಲಪ್ಪ ಟೊಪ್ಪಿಗೆ ತೆಗೆದು ಕಟ್ಟೆಯ ಮೇಲೆ ಕೂತ. ಕ್ಯಾಂಪಿನಲ್ಲಿ ಮೈಲಮ್ಮನಿಗೆ ರಕ್ತ ಏರಿಸಿದ್ದು ತನಗೆ ಗೊತ್ತಾಗಿದೆ ಎಂದ. ಯಾರು ಕೊಟ್ಟರು ಎಂಬುದನ್ನು ಅವಳೇ ಹೇಳಬೇಕೆಂದ.

ಉರುಕುಂದಮ್ಮ ತೆಲುಗಿನಲ್ಲಿ ತನಗೇನೂ ತಿಳಿಯದು ಎಂದಳು. ಅದುವರೆಗೆ ಕನ್ನಡದಲ್ಲಿ ಬರ್ರಿ ಕೂಡ್ರಿ ಎಂದವಳು.

"ಯವ್ವಾ," ಎಂದ ಮೊಗುಲಪ್ಪ, "ಕಾಲಾಗಿನ ಕಲಿ ದವಾಖಾನಿಯಾಗ ನೋಡ್ಯಾರ. ಆ ಕಲಿ ಯಾಕ ಆಗ್ತೈತಿ ಅಂತ ಡಾಕ್ಟ್ರಿಗೆ ಗೊತ್ತೈತಿ."

ರಾಟೆ ನಿಂತಿತು.

ಅವಳು ಹೇಳತೊಡಗಿದಳು. ಹೊಳೆಯ ದಂಡೆಯಿಂದ ಕ್ಯಾಂಪಿಗೆ ಮುಟ್ಟುವಷ್ಟರಲ್ಲಿ ಮಗಳ ಮೈ ತಣ್ಣಗಾಗಿತ್ತು. ರಕ್ತ ಬೇಕು ಎಂದರು ಡಾಕ್ಟರು. ಅವಳ ತಂದೆ ಆಗಲೇ ಇರಲಿಲ್ಲ. ಜೊತೆಗೆ ಓಡಿಬಂದ ಬಳಗದ ಗಂಡಸರು ರಕ್ತ ಕೊಟ್ಟರೆ ತಾವೂ ಸಾಯುತ್ತೇವೆಂದು ಡೇರೆಯ ಹಿಂದೆ ಸರಿದರು. ತಾಯಿಯ ರಕ್ತ ಹೊಂದಲಿಲ್ಲ. ಕ್ಯಾಂಪಿನಲ್ಲಿ ಹೆಣ ಹೊರುವ, ಕಸ ಬಳಿಯುವ ಕೆಲಸಕ್ಕಿದ್ದ ಒಬ್ಬ ಮುಂದೆ ಬಂದು ತೋಳು ಚಾಚಿದ. ಅವನದು ಹೊಂದಿತು.

ಅವನು ಗದ್ವಾಲಿನವನೇ. ಊರ ಹೊರಗಿನ ಕೇರಿಯವನು. ಅವರ ಮನೆಯವರು ನೇಕಾರರ ಓಣಿಗೆ ಬಂದರೆ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದರು.

"ನಾ ಅವನ ಕಾಲು ಹಿಡಿದ್ನಿರಿ," ಎಂದಳು ಉರುಕುಂದಮ್ಮ. "ಕೊಡಪ್ಪ ಅಂತ ಹಿಡಿದ್ನಿ. ಕೊಟ್ಟ ಮ್ಯಾಲ ಇನ್ನೊಮ್ಮೆ ಹಿಡಿದ್ನಿ, ಯಾರಿಗೂ ಹೇಳಬ್ಯಾಡ ಅಂತ. ಹೇಳಂಗಿಲ್ಲ ಅವ್ವಾರು ಅಂದ. ಸಾಯಣ್ಣ ಅಂತ ಹೆಸ್ರು."

ಮರುವರ್ಷ ನಾರಾಯಣಪೇಟೆಯ ಒಳ್ಳೆಯ ಮನೆಯಿಂದ ಸಂಬಂಧ ಬಂದಿತು. ಉರುಕುಂದಮ್ಮ ಮಗಳಿಗೆ ಬೆಳ್ಳಿ ಕಡಗ ಮಾಡಿಸಿ ಹಾಕಿದಳು. ಯಾರ ಮುಂದೆಯೂ ತೆಗೆಯಬೇಡ ಎಂದಳು.

ಮೊಗುಲಪ್ಪ ಮೆತ್ತಗೆ ಮಾತಾಡಿದ. ಶುಕ್ರವಾರ ಬಂದು ಇಷ್ಟನ್ನೇ ಮುನ್ಸಿಫರ ಮುಂದೆ ಹೇಳಿದರೆ ಸಾಕು, ಒಬ್ಬ ನಿರಪರಾಧಿ ಉಳಿಯುತ್ತಾನೆ ಎಂದ. ಅವಳು ತಲೆ ಅಲ್ಲಾಡಿಸಿದಳು. ಆಗ ಅವನು ಕಾಗದದ ಕೊನೆಯ ಸಾಲನ್ನು ಹೇಳಿದ. ಅವಳು ಸುಮ್ಮನಿದ್ದರೆ ಊರು ಮೈಲಮ್ಮನಿಗೆ ಮದುವೆಗೆ ಮೊದಲೇ ಬಸಿರಿತ್ತು ಎನ್ನುತ್ತದೆ. ಸತ್ತ ಮಗಳ ಹೆಸರಿಗೆ ಅದು ಬೇಕೇ ಎಂದು ಕೇಳಿದ. ಕೇಳಿದ ಕೂಡಲೆ ತನ್ನ ಮಾತು ಎಷ್ಟು ಹೊಲಸೆಂದು ಅವನಿಗೇ ಅನಿಸಿತು. ಆದರೆ ಬೇರೆ ದಾರಿ ಅವನಿಗೆ ಉಳಿದಿರಲಿಲ್ಲ.

ಉರುಕುಂದಮ್ಮ ಅಳಲಿಲ್ಲ.

"ಹಾದರಗಿತ್ತಿ ಅಂದ್ರ ಸತ್ತಾಕೀನ ಅಂತಾರ್ರಿ," ಎಂದಳು. "ಅವನ ರಕ್ತ ಅಂದ್ರ ಇದ್ದಾಕೀನೂ ಬಿಡಂಗಿಲ್ಲ. ನಾಳಿ ಈಕೀನ ಯಾರು ಒಳಗ ಕರ್ಕಂತಾರ? ಅವನ್ನ ಉಳಸಾಕ ನನ್ನ ಇನ್ನೊಂದು ಮಗಳ್ನೂ ಮಣ್ಣಾಗ ಇಡು ಅಂತೀರೇನು?"

ಒಳಗೆ ಮಗ್ಗದ ಸದ್ದು ಯಾವಾಗ ನಿಂತಿತ್ತೋ ಮೊಗುಲಪ್ಪ ಗಮನಿಸಿರಲಿಲ್ಲ. ಕುರುಮಮ್ಮ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂಬುದು ಮುಖದಲ್ಲೇ ಇತ್ತು.

"ಯವ್ವಾ," ಎಂದಳು ಆ ಹುಡುಗಿ, "ಅವ ಕೊಟ್ಟಿದ್ದಕ್ಕ ಅಲ್ಲೇನು ಅಕ್ಕ ನಮ್ಮ ಜೋಡಿ ಮೂರು ವರ್ಷ ಇದ್ದದ್ದು?"

ತಾಯಿ ಅವಳ ಕಡೆಗೆ ನೋಡಲಿಲ್ಲ. ರಾಟೆಯ ಹಿಡಿಯನ್ನು ಮತ್ತೆ ಹಿಡಿದಳು, ತಿರುಗಿಸಲಿಲ್ಲ.

ಮೊಗುಲಪ್ಪ ಸಮನ್ಸಿನ ಕಾಗದವನ್ನು ಕಟ್ಟೆಯ ಮೇಲಿಟ್ಟು, ಹಾರದಿರಲೆಂದು ಅದರ ಮೇಲೆ ಒಂದು ಕಲ್ಲನ್ನಿಟ್ಟು ಹೊರಟ. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ತಾಯಿ ಮಗಳು ಇಬ್ಬರೂ ಅಲ್ಲೇ ಇದ್ದರು. ಕಾಗದವನ್ನು ಯಾರೂ ಮುಟ್ಟಿರಲಿಲ್ಲ.

*

ಸಾಯಣ್ಣ ಹವಾಲಾತಿನ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ. ಇಪ್ಪತ್ತೆಂಟು ವರ್ಷದ ಸಣಕಲು ಮನುಷ್ಯ. ಅಮೀನನನ್ನು ಕಂಡು ಎದ್ದು ನಿಂತ. ಮೊದಲ ವಾರ ಮೊಗುಲಪ್ಪನ ಮೇಲಧಿಕಾರಿಗಳು ಬಾಯಿ ಬಿಡಿಸೆಂದು ಹೇಳಿಕಳಿಸಿದ್ದರು. ಅದರ ಗುರುತು ಇನ್ನೂ ಅವನ ಅಂಗಾಲಿನಲ್ಲಿತ್ತು. ಎದ್ದು ನಿಲ್ಲುವಾಗ ಗೋಡೆ ಹಿಡಿದ. ಪೆಟ್ಟು ತಿಂದಾಗಲೂ ಅವನು ಎರಡೇ ಮಾತು ಹೇಳಿದ್ದ. ಸೂಜಿಯಲ್ಲಿದ್ದದ್ದು ಔಷಧ. ಆಕೆಯನ್ನು ನಾನು ಬಲ್ಲವನಲ್ಲ.

ಗುರುವಾರ ಮಧ್ಯಾಹ್ನದ ಆ ಹೊತ್ತಿನಲ್ಲಿ ಮೊಗುಲಪ್ಪ ತನಗೆ ತಿಳಿದದ್ದನ್ನೆಲ್ಲ ಅವನಿಗೆ ಹೇಳಿದ. ಸತ್ಯ ತಿಳಿದರೆ ಅವನಿಗೆ ಧೈರ್ಯ ಬರುತ್ತದೆ, ನಾಳೆ ಬಾಯಿ ಬಿಡುತ್ತಾನೆ ಎಂದುಕೊಂಡಿದ್ದ. ಕಾಗದದ ಮಾತು ಹೇಳಿದ, ಪ್ರತಿಕಾಯದ ಮಾತು ಹೇಳಿದ, ಗದ್ವಾಲಿಗೆ ಹೋಗಿಬಂದದ್ದನ್ನು ಹೇಳಿದ.

ಆದರೆ ಸಾಯಣ್ಣ ಕಂಪೌಂಡರ್. ಅಮೀನ್ ಎರಡು ದಿನದಲ್ಲಿ ತಿಳಿದುಕೊಂಡದ್ದು ಅವನಿಗೆ ಎರಡು ಮಾತಿನಲ್ಲೇ ತಿಳಿಯಿತು. ಅವನು ಮೆಲ್ಲಗೆ ನೆಲಕ್ಕೆ ಕುಸಿದು ಕೂತ.

"ಹಂಗಾರ ಮೊದ್ಲು ಒಳಗ ಹೋದದ್ದು ನನ್ನ ರಕ್ತ," ಎಂದ.

"ನಿನ್ನ ರಕ್ತದಿಂದ ಆಕಿ ಮೂರು ವರ್ಷ ಬದುಕಿದ್ಲು," ಎಂದ ಮೊಗುಲಪ್ಪ.

ಸಾಯಣ್ಣನಿಗೆ ಅದು ಕೇಳಿಸಿತೋ ಇಲ್ಲವೋ. ಮೈಲಮ್ಮನನ್ನು ಬಂಡಿಯಿಂದ ಇಳಿಸಿದಾಗಲೇ ಗುರುತು ಹಿಡಿದೆ ಎಂದ. ಅವಳೂ ತನ್ನನ್ನು ಗುರುತಿಸಿದಳು ಎಂದ. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ.

"ಡಾಕ್ಟ್ರಮ್ಮಾರು ಕೇಳಿದ್ರು ಸಾಹೇಬ್ರ, ಮೊದ್ಲು ರಕ್ತ ಏರಿಸ್ಯಾರೇನು ಅಂತ. ನಾ ಬಾಟ್ಲಿ ಹಿಡ್ಕಂಡು ಅಲ್ಲೇ ನಿಂತಿದ್ನಿ. ಗಂಡ ಬಾಗಿಲ್ದಾಗ ನಿಂತಿದ್ದ. ಆಕಿ ಇಲ್ಲ ಅಂದು ನನ್ನ ಮಾರಿ ನೋಡಿದ್ಳು. ನಾ ತಲಿ ತಗ್ಗಿಸ್ದೆ."

ಸಾಯಣ್ಣ ತಲೆ ಎತ್ತಿ ಅಮೀನನನ್ನು ನೋಡಿದ.

"ನಾ ಹೇಳಿದ್ರ ಉಳೀತಿದ್ಲೇನ್ರಿ?"

ಮೊಗುಲಪ್ಪ ಮೂವತ್ತು ವರ್ಷ ಪೊಲೀಸಿನಲ್ಲಿ ಕೆಲಸ ಮಾಡಿದವನು. ನಿಜಾಮರ ಕಾಲದಲ್ಲಿ, ಆಮೇಲೆ ಮಿಲಿಟರಿಯವರ ಕಾಲದಲ್ಲಿ, ಬೇಕಾದಷ್ಟು ಸುಳ್ಳನ್ನು ಸಲೀಸಾಗಿ ಹೇಳಿದ್ದ. ಆ ಹೊತ್ತಿಗೆ ಒಂದು ಸುಳ್ಳು ಸಾಕಿತ್ತು. ಇಲ್ಲ, ಹೇಗೂ ಉಳಿಯುತ್ತಿರಲಿಲ್ಲ ಎಂದರೆ ಆಗುತ್ತಿತ್ತು. ಆದರೆ ಅವನು ಡಾಕ್ಟರು ಹೇಳಿದ್ದನ್ನೇ ಹೇಳಿದ. ಉಳಿಯುತ್ತಿದ್ದಳೋ ಇಲ್ಲವೋ ಆಕೆಗೂ ಗೊತ್ತಿಲ್ಲ ಎಂದ.

ಸಾಯಣ್ಣ ತಲೆಯಾಡಿಸಿದ. ಕುಡಿಯಲು ನೀರು ಕೇಳಿದ. ತಂದುಕೊಟ್ಟ ತಂಬಿಗೆಯನ್ನು ಕೈಯಲ್ಲಿ ಹಿಡಿದು ಹಾಗೇ ಕೂತ. ನಾಳೆ ಎಲ್ಲವನ್ನೂ ಹೇಳಬೇಕು, ಆ ತಾಯಿಗೆ ಕೊಟ್ಟ ಮಾತಿನ ಕಾಲ ಮುಗಿಯಿತು ಎಂದು ಮೊಗುಲಪ್ಪ ಎರಡು ಸಲ ಹೇಳಿದ. ಎರಡು ಸಲವೂ ಸಾಯಣ್ಣ ಹೂಂ ಎಂದ.

*

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆಲ್ಲ ಮುನ್ಸಿಫ್ ಕಚೇರಿಯ ಅಂಗಳ ತುಂಬಿತ್ತು. ನಾರಾಯಣಪೇಟೆಯ ಮಗ್ಗಗಳೆಲ್ಲ ಅಂದು ನಿಂತಂತಿತ್ತು. ತಾಯಣ್ಣ ಮೂಲೆಯಲ್ಲಿ ಒಬ್ಬನೇ ನಿಂತಿದ್ದ. ಎಂಕಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದ. ಇಪ್ಪತ್ತು ದಿನದ ಗಡ್ಡ, ಕೆಂಪು ಕಣ್ಣು.

ಮೊಗುಲಪ್ಪ ಬಾಗಿಲ ಕಡೆಗೇ ನೋಡುತ್ತಿದ್ದ. ವಿಚಾರಣೆ ಶುರುವಾಗುವ ಹೊತ್ತಿಗೆ ಉರುಕುಂದಮ್ಮ ಬಂದಳು. ಹಿಂದೆ ಕುರುಮಮ್ಮ. ತಾಯಿಯ ಸೆರಗಿನ ಅಂಚಿನಲ್ಲಿ ಸಮನ್ಸಿನ ಕಾಗದ ಗಂಟು ಹಾಕಿತ್ತು. ಮೊಗುಲಪ್ಪ ಅವರಿಗೆ ಕೂರಲು ಜಾಗ ಮಾಡಿಸಿದ. ಹುಡುಗಿ ಅವನನ್ನು ನೋಡಿದಳು. ತಾನೇ ಹಟಮಾಡಿ ಕರೆತಂದೆ ಎನ್ನುವಂತಿತ್ತು ಆ ನೋಟ.

ಡಾಕ್ಟರ್ ಮಲ್ಲೇಶ್ವರಿ ಕಟಕಟೆಯಲ್ಲಿ ನಿಂತು ಮದರಾಸಿನ ಕಾಗದವನ್ನು ಓದಿದಳು. ಮುನ್ಸಿಫರು ಸೌಮ್ಯರು, ತಾಳ್ಮೆಯಿಂದ ಕೇಳಿದರು. ಗುಮಾಸ್ತ ಉರ್ದುವಿನಲ್ಲಿ ಬರೆದುಕೊಂಡ. ಗಾಜಿನ ಮೇಲೆ ಕಾಣದ ಪ್ರತಿಕಾಯ ಎಂಬ ಮಾತಿಗೆ ಯಾರೋ ಹಿಂದೆ ನಕ್ಕರು. ಎಂಕಪ್ಪನ ವಕೀಲ ನಗಲಿಲ್ಲ. ಅವನು ಕಾಯುತ್ತಿದ್ದದ್ದು ಕೊನೆಯ ಸಾಲಿಗೆ. ಅದು ಬಂದ ಕೂಡಲೆ ಎದ್ದ. ಮೃತಳಿಗೆ ಹಿಂದೆ ರಕ್ತ ಏರಿಸಿದ್ದಕ್ಕೆ ದಾಖಲೆ ಇದೆಯೇ ಎಂದು ಕೇಳಿದ. ದಾಖಲೆ ಇಲ್ಲ, ಕಾಲಿನ ಮೇಲೆ ಕಲೆ ಇತ್ತು ಎಂದಳು ಮಲ್ಲೇಶ್ವರಿ. ಸುಟ್ಟುಹೋದ ಕಲೆ ದಾಖಲೆಯಾಗದು ಎಂದ ವಕೀಲ. ಹಾಗಾದರೆ ಉಳಿದದ್ದು ಎರಡನೆಯ ದಾರಿಯೇ ಅಲ್ಲವೇ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಆರೋಪಿ ಯಾವ ಊರಿನವನೆಂದು ಕಚೇರಿ ಗಮನಿಸಬೇಕು ಎಂದು ಹೇಳಿ ಕೂತ.

ಎಂಕಪ್ಪ ತಿರುಗಿ ಎಲ್ಲರ ಮುಖವನ್ನೂ ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಮುನ್ಸಿಫರು ಸಾಯಣ್ಣನ ಕಡೆಗೆ ತಿರುಗಿದರು. ಮೃತಳನ್ನು ಮದುವೆಗೆ ಮುಂಚೆ ಬಲ್ಲೆಯಾ ಎಂದು ಕೇಳಿದರು.

ಸಾಯಣ್ಣ ಕಟಕಟೆಯಿಂದ ಜನರನ್ನು ನೋಡಿದ. ಅವನ ಕಣ್ಣು ಸಾಲು ಸಾಲಾಗಿ ದಾಟಿಹೋಗಿ ಉರುಕುಂದಮ್ಮನ ಮೇಲೆ ನಿಂತಿತು. ಅವಳ ಪಕ್ಕದಲ್ಲಿ ಕುರುಮಮ್ಮನನ್ನೂ ಅವನು ನೋಡಿದ.

"ಬಲ್ಲವನಲ್ರಿ," ಎಂದ. "ಆಕಿ ಮ್ಯಾಲ ಯಾವ ಕಳಂಕಾನೂ ಇಲ್ಲ. ಸೂಜಿಯಾಗ ಔಷಧ ಬದ್ಲಿ ಮಾಡಿದಾವ ನಾನ. ನಾನ ಕೊಂದೆ."

ಮಲ್ಲೇಶ್ವರಿ ಕೂತಲ್ಲೇ ಇಲ್ಲ ಎಂದಳು. ಅಂಗಳದಲ್ಲಿ ಗದ್ದಲ ಎದ್ದಿತು. ಅದು ಅಡಗುವುದಕ್ಕೂ ಕಾಯದೆ ಮೊಗುಲಪ್ಪ ಎದ್ದು ನಿಂತ. ಈ ಬಯಾನು ಸುಳ್ಳು, ತನಿಖೆ ಮಾಡಿದವನು ತಾನು, ತನ್ನ ಮಾತಿಗೆ ಸಾಕ್ಷಿ ಹೇಳುವವರು ಈ ಕಚೇರಿಯಲ್ಲೇ ಇದ್ದಾರೆ ಎಂದ. ಸಮನ್ಸ್ ಮೇಲೆ ಬಂದ ಮೃತಳ ತಾಯಿಯನ್ನು ಕೇಳಬೇಕೆಂದು ಬೇಡಿದ. ಆರೋಪಿಯನ್ನು ಹಿಡಿದು ತಂದ ಅಮೀನನೇ ಆರೋಪಿಯ ಪರವಾಗಿ ನಿಂತದ್ದನ್ನು ಮುನ್ಸಿಫರು ಅಚ್ಚರಿಯಿಂದ ನೋಡಿ, ಆಗಲಿ ಎಂದು ಕೈ ಮಾಡಿದರು.

ಕುರುಮಮ್ಮ ತಾಯಿಯ ಬೆನ್ನ ಮೇಲೆ ಕೈಯಿಟ್ಟು ಎಬ್ಬಿಸಿದಳು. ಉರುಕುಂದಮ್ಮ ಜನರ ನಡುವೆ ನಡೆದು ಮುಂದೆ ಬಂದಳು. ಸಾಯಣ್ಣನಿಂದ ಮೂರು ಮಾರು ದೂರದಲ್ಲಿ ನಿಂತಳು. ಅವನು ಅವಳನ್ನು ನೋಡಿ ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದ, ಬೇಡ ಎಂಬಂತೆ.

ಮುನ್ಸಿಫರು ಹೆದರಬೇಡವೆಂದು ಹೇಳಿ, ಆರೋಪಿಯ ಬಗ್ಗೆ ಅವಳಿಗೆ ಏನು ಗೊತ್ತಿದೆ ಎಂದು ಕೇಳಿದರು.

ಉರುಕುಂದಮ್ಮ ಎಂಕಪ್ಪನನ್ನು ಒಮ್ಮೆ ನೋಡಿದಳು. ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡಳು.

"ಇವನ್ನ ನಾ ಎಂದೂ ನೋಡಿಲ್ರಿ," ಎಂದಳು. "ನನ್ನ ಮಗಳು ಸಾಯೋ ಮುಂಚಿ ನನ್ನ ಕೈ ಹಿಡ್ಕಂಡು ಹೇಳಿದ್ಳು. ಆ ಕಂಪೌಂಡ್ರು ಸೂಜಿ ಹಾಕುವಾಗ ಇನ್ನೊಂದು ಶೀಶಿ ತೆಗೆದ, ಅವ್ವಾ, ಅಂತ."

ಕುರುಮಮ್ಮ ಜನರ ನಡುವಿನಿಂದ ಏನೋ ಕೂಗಿದಳು. ಜವಾನ ಅವಳನ್ನು ಬಾಗಿಲ ಹೊರಗೆ ನಡೆಸಿದ.

ಮುನ್ಸಿಫರು ಲೇಖಣಿ ಕೆಳಗಿಟ್ಟು, ಹೇಳಿದ್ದನ್ನು ಇನ್ನೊಮ್ಮೆ ನಿಧಾನವಾಗಿ ಹೇಳೆಂದರು. ಗುಮಾಸ್ತ ಹೊಸ ಹಾಳೆ ತೆಗೆದ. ಉರುಕುಂದಮ್ಮ ಅದನ್ನೇ, ಒಂದು ಅಕ್ಷರವೂ ತಪ್ಪದಂತೆ, ಇನ್ನೊಮ್ಮೆ ಹೇಳಿದಳು.